ಎಣಿಸಬಾರದ ರೊಟ್ಟಿ

ನಮ್ಮ ಮನೆಯಲ್ಲಿ ಎಣಿಸಬಾರದವು ಬಹಳ ಇದ್ದವು. ಬುಟ್ಟಿಯಲ್ಲಿಯ ರೊಟ್ಟಿ ಎಣಿಸಬಾರದು. ಉಣ್ಣಲು ಕೂತವರನ್ನು ಎಣಿಸಬಾರದು. ಅಂಗಳದಲ್ಲಿ ಆಡುವ ಮಕ್ಕಳನ್ನಂತೂ ಬೆರಳು ಮಾಡಿ ಎಣಿಸಲೇಬಾರದು, ಎಣಿಸಿದರೆ ಒಂದು ಕಡಿಮೆಯಾಗುತ್ತದೆ ಎಂದು ನನ್ನ ಅಜ್ಜಿ, ಆಯಿ, ಹೇಳುತ್ತಿದ್ದಳು. ಕಮಲಾಪುರದ ಆ ಮನೆಯಲ್ಲಿ ಬಾಯಿ ಬಿಟ್ಟು ಎಣಿಸುವ ಹಕ್ಕು ಇದ್ದದ್ದು ಒಬ್ಬರಿಗೇ, ಅದೂ ಒಂದೇ ಕಡೆ: ಜೋಳದ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತ ನನ್ನ ಅಜ್ಜನಿಗೆ. ಅವನನ್ನು ನಾವು ಮುತ್ಯಾ ಎನ್ನುತ್ತಿದ್ದೆವು. ಜೋಳದ ವ್ಯಾಪಾರ ಅವನದು. ಸೇರು ತುಂಬಿ ಮೊದಲ ಅಳತೆ ಹಾಕುವಾಗ ಅವನು ‘ಒಂದು’ ಎನ್ನುತ್ತಿರಲಿಲ್ಲ, ‘ಲಾಭ’ ಎನ್ನುತ್ತಿದ್ದ. ಆಮೇಲೆ ಎರಡು, ಮೂರು, ನಾಲ್ಕು. ನಮ್ಮ ಕಡೆ ರಾಶಿ ಅಳೆಯುವವರೆಲ್ಲ ಹೀಗೇ. ಎಣಿಕೆ ಶುರುವಾದರೆ ಯಾರೂ ಮಾತಾಡುವಂತಿಲ್ಲ, ಕೂತವರು ಏಳುವಂತಿಲ್ಲ. ಕೊನೆಯ ಅಳತೆಯ ಅಂಕಿಯನ್ನು ಎರಡು ಸಲ ಹೇಳಿ ಅವನು ಸೇರನ್ನು ಹಣೆಗೆ ಒತ್ತಿಕೊಂಡ ಮೇಲೆಯೇ ಉಳಿದವರ ಬಾಯಿ ತೆರೆಯಬೇಕು. ಒಮ್ಮೆ ಎತ್ತು ಹಗ್ಗ ಹರಿದುಕೊಂಡು ಹೋಗಿದೆ ಎಂದು ದೊಡ್ಡಪ್ಪ ಓಡಿಬಂದು ಕೂಗಿದ. ಮುತ್ಯಾ ಅವನತ್ತ ನೋಡಲೂ ಇಲ್ಲ. ಅಳೆದ ನಲವತ್ತು ಸೇರನ್ನು ಮತ್ತೆ ರಾಶಿಗೆ ಸುರಿದು ‘ಲಾಭ’ ಎಂದು ಮೊದಲಿನಿಂದ ಶುರು ಮಾಡಿದ. ಎತ್ತನ್ನು ಸಂಜೆ ಯಾರೋ ಹೊಳೆಯ ದಂಡೆಯಿಂದ ಹಿಡಿದು ತಂದರು.

ಮೊನ್ನೆ ಶಿಶುವಿಹಾರದ ಇಬ್ಬರು ಶಿಕ್ಷಕಿಯರು ನನ್ನ ಹತ್ತಿರ ಬಂದಿದ್ದರು. ನಿಮ್ಮ ಕಾಲದಲ್ಲಿ ಶಾಲೆಗೆ ಹೋಗುವ ಮೊದಲೇ ಸಣ್ಣ ಮಕ್ಕಳಿಗೆ ಮನೆಯಲ್ಲೇ ಎಣಿಕೆಯ ಆಟ ಆಡಿಸುತ್ತಿದ್ದರಂತೆ, ಅವನ್ನು ಬರೆದುಕೊಡಿ ಎಂದರು. ಅವರು ಇನ್ನೂ ಕೇಳುತ್ತಿರುವಾಗಲೇ ಅವರ ಮುಖದ ಮೇಲೆ ಅಜ್ಜಿಯ ಮಡಿಲು, ಹಣತೆಯ ಬೆಳಕು, ಮುದ್ದು ಮಾತು ಎಲ್ಲ ಬಂದು ಕೂತಿದ್ದವು. ನನಗೆ ಸಿಟ್ಟು ಬಂತು. ಬರೆದುಕೊಡುವುದಿಲ್ಲ ಎಂದೆ. ಅವರು ಹೋದ ಮೇಲೆ ಬರೆಯಲು ಕೂತೆ. ಆ ಆಟಗಳನ್ನು ಬರೆಯುವುದಾದರೆ ಅವು ಯಾಕೆ ಹುಟ್ಟಿದವು, ಆಮೇಲೆ ಒಲೆಗೆ ಯಾಕೆ ಬಿದ್ದವು ಎನ್ನುವುದನ್ನೂ ಬರೆಯಬೇಕು. ಅದನ್ನು ಬಿಟ್ಟು ಬರಿಯ ಆಟ ಬೇಕೆನ್ನುವವರು ಅಂಗಡಿಯಲ್ಲಿ ಬಣ್ಣದ ಮಣಿ ಕೊಳ್ಳಲಿ.

ಆಟಗಳನ್ನು ಕಟ್ಟಿದವಳು ನೀಲತ್ತಿ, ನನ್ನ ಅಪ್ಪನ ತಂಗಿ. ಮದುವೆಯಾಗಿ ಹೋದ ಮೂರನೆಯ ವರ್ಷಕ್ಕೆ ಗಂಡ ಸತ್ತು ತವರಿಗೆ ಬಂದವಳು. ಬಂದ ದಿನದಿಂದ ಅಡುಗೆಮನೆ ಅವಳದಾಯಿತು. ಅವಳದಾಯಿತು ಎಂದು ಮನೆಯವರು ಹೇಳುತ್ತಿದ್ದ ಮಾತನ್ನೇ ನಾನೂ ಬರೆದೆ, ನೋಡಿ. ಅವಳಿಗೆ ಅಲ್ಲಿ ಒಲೆಯ ಮುಂದೆ ಕೂರುವಷ್ಟು ಜಾಗ ಇತ್ತು, ಅಷ್ಟೇ. ಬೆಳಗಾದರೆ ದೊಡ್ಡವ್ವ ಮತ್ತು ನನ್ನ ಅವ್ವ ಹೊಲಕ್ಕೋ ಬಾವಿಗೋ ಹೋಗುತ್ತಿದ್ದರು. ಇನ್ನೂ ಸಾಲೆಯ ಮುಖ ನೋಡದ ನಾವು ನಾಲ್ವರು, ನಾನು, ನನ್ನ ಅಕ್ಕ, ದೊಡ್ಡಪ್ಪನ ಇಬ್ಬರು ಗಂಡುಮಕ್ಕಳು, ನೀಲತ್ತಿಯ ಬೆನ್ನಿಗೆ ಬೀಳುತ್ತಿದ್ದೆವು. ದೊಡ್ಡಪ್ಪನ ಕಿರಿಯವನು ಒಮ್ಮೆ ಕಾದ ಹೆಂಚಿಗೆ ಅಂಗೈ ಇಟ್ಟ. ಅವನ ಕೈಗೆ ಎಣ್ಣೆ ಹಚ್ಚಿದ ಮರುದಿನ ನೀಲತ್ತಿ ನಮ್ಮನ್ನು ಗೋಡೆಗೆ ಮುಖ ಮಾಡಿಸಿ, ಒಲೆಗೆ ಬೆನ್ನು ಮಾಡಿಸಿ, ಸಾಲಾಗಿ ಕೂಡಿಸಿದಳು. ಎಲ್ಲರ ಮುಂದೆ ಒಂದೊಂದು ಹಿಡಿ ಹುಣಸೆ ಬೀಜ.

“ನಾ ರೊಟ್ಟಿ ಬಡೀತೀನಿ. ಒಂದು ಬಡಿತಕ್ಕ ಒಂದು ಬೀಜ ಮುಂದ ಸರಸ್ರಿ. ನಾ ಎಲ್ಲಿ ನಿಂದರಸ್ತೀನೋ ಅಲ್ಲಿ ನಿಂದರಸ್ರಿ. ಹಿಂದ ತಿರುಗಿ ನೋಡಿದಕಿ ಔಟು!”

ಔಟು ಎಂದಳೇ? ಆ ಮಾತು ಆಗ ನಮ್ಮ ಮನೆಗೆ ಬಂದಿರಲಿಲ್ಲ. ನಾನು ಈಗಿನ ಮಕ್ಕಳಿಂದ ಕಲಿತದ್ದನ್ನು ಅವಳ ಬಾಯಿಗೆ ಹಾಕಿದ್ದೇನೆ. ಹೊಡೆದು ಹಾಕದೆ ಹಾಗೇ ಬಿಡುತ್ತೇನೆ, ನನ್ನ ನೆನಪು ಎಷ್ಟು ಕೈ ಹಾಕುತ್ತದೆ ಎನ್ನುವುದು ಓದುವವರಿಗೆ ಗೊತ್ತಿರಲಿ. ಆಟ ಮಾತ್ರ ನಾನು ಕಟ್ಟಿದ್ದಲ್ಲ. ಪಟ್ ಪಟ್ ಎಂದು ರೊಟ್ಟಿ ಬಡಿಯುವ ಸದ್ದು ಬೆನ್ನಿಗೆ ಬೀಳುತ್ತಿತ್ತು. ಆರಕ್ಕೋ ಒಂಬತ್ತಕ್ಕೋ ಸದ್ದು ತಟ್ಟನೆ ನಿಲ್ಲುತ್ತಿತ್ತು. ಸರಿಯಾಗಿ ಸರಿಸಿದವರಿಗೆ ಹಿಟ್ಟಿನ ಚೂರಿನಿಂದ ಸುಟ್ಟ, ಬಿಲ್ಲೆಯಷ್ಟು ದೊಡ್ಡ ರೊಟ್ಟಿ. ಅವಳ ಎಣಿಕೆಯೂ ‘ಲಾಭ’ದಿಂದಲೇ ಶುರು. ನಾವೂ ಹಾಗೇ ಕಲಿತೆವು. ‘ಒಂದು’ ಎನ್ನುವ ಮಾತು ಒಂದು ಮನೆ, ಒಂದು ಎತ್ತು ಎನ್ನಲು ಬೇಕು, ಎಣಿಸುವುದಕ್ಕೆ ‘ಲಾಭ’ ಎಂದೇ ನಾವು ನಾಲ್ವರೂ ನಂಬಿದ್ದೆವು.

ಎರಡನೆಯ ಆಟಕ್ಕೆ ‘ಹೋದದ್ದೆಷ್ಟು’ ಎಂದು ಹೆಸರು. ಹತ್ತು ಬೀಜ ಎಲ್ಲರಿಗೂ ತೋರಿಸಿ, ಅವಳು ಕೆಲವನ್ನು ಎಡಗೈಯ ಮುಷ್ಟಿಯಲ್ಲಿ ಮುಚ್ಚಿ ಉಳಿದವನ್ನು ಬಲಗೈಯಲ್ಲಿ ಬಿಚ್ಚಿ ಹಿಡಿಯುತ್ತಿದ್ದಳು. ಕಾಣುವುದನ್ನು ನೋಡಿ ಕಾಣದ್ದನ್ನು ಹೇಳಬೇಕು. ಅಕ್ಕ ಬೆರಳು ಮಡಚಿ ಹೇಳುತ್ತಿದ್ದಳು. ನಾನು ನೀಲತ್ತಿಯ ಮುಷ್ಟಿಯ ದಪ್ಪ ನೋಡಿ ಹೇಳುತ್ತಿದ್ದೆ. ಇದು ಗೊತ್ತಾದ ಮೇಲೆ ಅವಳು ಬರಿಗೈಯನ್ನೂ ದಪ್ಪ ಮಾಡಿ ಹಿಡಿಯಲು ಶುರು ಮಾಡಿದಳು.

ಮೂರನೆಯದು ಅರ್ಧದ ಆಟ. ಹುಣಸೆ ಬೀಜವನ್ನು ಹುರಿದು ಒಡೆದರೆ ಸರಿಯಾಗಿ ಎರಡಾಗುತ್ತದೆ, ಒಳಮೈ ಬೆಳ್ಳಗೆ. ಎರಡು ಬಿಳಿಯನ್ನು ಕೂಡಿಸಿದರೆ ಒಂದು ಕಂದು. ಮಕ್ಕಳಿಗೆ ಅರ್ಧರ್ಧ ರೊಟ್ಟಿಯೇ ಸಿಗುತ್ತಿದ್ದುದರಿಂದ ನಮಗೆ ಅರ್ಧ ಅರ್ಥವಾಗುವುದು ಕಷ್ಟವಾಗಲಿಲ್ಲ. ಅವು ಹುಣಸೆ ಬೀಜಗಳಲ್ಲ, ಔಡಲ ಬೀಜ ಎಂದು ಅಕ್ಕ ಇಂದಿಗೂ ವಾದಿಸುತ್ತಾಳೆ. ಔಡಲ ಒಡೆದರೆ ಅರ್ಧ ನೆಟ್ಟಗೆ ಬರುವುದಿಲ್ಲ. ನನಗೆ ಆ ದಿನ ಅರ್ಧ ಬೇಕಾಗಿತ್ತು. ಆದ್ದರಿಂದ ಹುಣಸೆಯೇ.

ಆ ದಿನದ ಮಾತು ಹೇಳುವ ಮೊದಲು ಹಿಟ್ಟಿನ ಪಾತ್ರೆಯ ಬಗ್ಗೆ ಹೇಳಬೇಕು. ನಮ್ಮ ಮನೆ ಬಡವರ ಮನೆಯಲ್ಲ. ಪಡಸಾಲೆಯ ಫರ್ಸಿಗಲ್ಲಿನ ಕೆಳಗೆ ಹಗೇವು ಇತ್ತು, ನೆಲದೊಳಗಿನ ಆ ಕಣಜದಲ್ಲಿ ಎರಡು ವರ್ಷದ ಜೋಳ ಇತ್ತು. ಹಿತ್ತಲ ಬಾವಿಯ ಸುತ್ತ ಕೆಂಪು ಬಾಳೆ ಇತ್ತು, ಹಣ್ಣು ಬಂದರೆ ಮೊದಲ ಗೊನೆ ಮಠಕ್ಕೆ, ಎರಡನೆಯದು ಅಮಲ್ದಾರರ ಮನೆಗೆ ಹೋಗುತ್ತಿತ್ತು. ಆದರೆ ಹಿಟ್ಟನ್ನು ಕೊಡುವವಳು ಆಯಿ. ದಿನಾ ಬೆಳಿಗ್ಗೆ ಅವಳು ಒಂದು ಹಿತ್ತಾಳೆ ಪಾತ್ರೆ ತುಂಬ ಹಿಟ್ಟು ತೆಗೆದು ಅಡುಗೆಮನೆಯ ಹೊಸ್ತಿಲಲ್ಲಿ ಇಟ್ಟು ಹೋಗುತ್ತಿದ್ದಳು. ಅಷ್ಟೇ ಒಂದು ಹೊತ್ತಿನ ಹಿಟ್ಟು. ಆ ಪಾತ್ರೆ ನೀಲತ್ತಿ ಗಂಡನ ಮನೆಗೆ ಹೋದ ಮೇಲೆ ಗೊತ್ತುಮಾಡಿದ್ದು. ಅವಳು ತಿರುಗಿ ಬಂದಳು. ಪಾತ್ರೆ ಅದೇ ಉಳಿಯಿತು. ಯಾರೂ ಬೇಕೆಂದು ಹೀಗೆ ಮಾಡಲಿಲ್ಲ ಎಂದು ನನ್ನ ಮನೆಯವರನ್ನು ಕಾಪಾಡಲು ನನಗೆ ಮನಸ್ಸಿಲ್ಲ. ಉಣ್ಣುವವರನ್ನು ಎಣಿಸಬಾರದು ಎಂದು ಮಾಡಿಕೊಂಡ ಮನೆಯಲ್ಲಿ ಒಂದು ಬಾಯಿ ಹೆಚ್ಚಾದದ್ದನ್ನು ನೋಡದೆ ಇರುವುದು ಬಹಳ ಸುಲಭ, ಅದನ್ನೇ ಅವರು ಮಾಡಿದರು.

ಮೊದಲು ಗಂಡಸರು ಪಡಸಾಲೆಯಲ್ಲಿ ಉಣ್ಣುತ್ತಿದ್ದರು. ಅಡ್ಡಣಿಗೆಯ ಮೇಲೆ ತಾಟು, ತಾಟಿನಲ್ಲಿ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ. ಒಂದು ಬದಿಗೆ ಮಕ್ಕಳು. ಆಮೇಲೆ ಅಡುಗೆಮನೆಯಲ್ಲಿ ಆಯಿ, ದೊಡ್ಡವ್ವ, ಅವ್ವ. ಎಲ್ಲ ಮುಗಿಯುವ ಹೊತ್ತಿಗೆ ಆಯಿ ಕೈ ತೊಳೆಯುತ್ತ ಒಂದೇ ಮಾತು ಕೇಳುತ್ತಿದ್ದಳು.

“ನೀಲಾ, ನಿಂದು ಊಟ ಆತೇನು?”

“ಆಗ್ಯಾದ, ಅವ್ವಾ.”

ಇದು ದಿನದ ಮಾತು. ಮಜ್ಜಿಗೆ ಕುಡಿದಿರಾ ಎಂದು ಬಂದವರನ್ನು ಕೇಳಿದ ಹಾಗೆ.

ಆ ದಿನ ನಾನು ಆಟವನ್ನು ನಿಲ್ಲಿಸಲಿಲ್ಲ. ಬಡಿತ ಎಣಿಸಿ ಬೇಸರವಾಗಿ, ಒಂದು ರೊಟ್ಟಿಗೆ ಒಂದು ಬೀಜ ಇಟ್ಟುಕೊಂಡೆ. ಹದಿನಾಲ್ಕು ಬೀಜ ನನ್ನ ಮುಷ್ಟಿ ಸೇರಿದವು. ಬುಟ್ಟಿಯಿಂದ ಒಂದು ರೊಟ್ಟಿ ಹೋದರೆ ಒಂದು ಬೀಜವನ್ನು ಗೋಡೆಯ ಗೂಡಿಗೆ ಹಾಕುತ್ತ ಹೋದೆ. ಮುತ್ಯಾ ಮೂರು. ದೊಡ್ಡಪ್ಪ ನಾಲ್ಕು. ನಾಲ್ವರು ಮಕ್ಕಳಿಗೆ ಸೇರಿ ಎರಡು. ಆಯಿ ಎರಡು. ದೊಡ್ಡವ್ವ ಒಂದೂವರೆ, ಅವ್ವ ಒಂದೂವರೆ, ಅದಕ್ಕಾಗಿ ಒಡೆದ ಬೀಜ. ನನ್ನ ಕೈ ಬರಿದಾಯಿತು. ಆಗ ಆಯಿ ಕೇಳಿದಳು, ನೀಲತ್ತಿ ಆಗ್ಯಾದ ಎಂದಳು. ನಾನು ನನ್ನ ಅಂಗೈ ನೋಡಿಕೊಂಡೆ. ಈ ಆಟ ನನಗೆ ಬರುತ್ತಿತ್ತು. ನೇರ ಪಡಸಾಲೆಗೆ ಹೋದೆ. ಗಂಡಸರು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು.

“ಮುತ್ಯಾ, ಅತ್ತಿದು ಎಲ್ಲಿ ಹೋತು?”

“ಏನು ಎಲ್ಲಿ ಹೋತು?”

“ರೊಟ್ಟಿ. ಹದಿನಾಕು ಇದ್ದುವು. ನಿಂದು ಮೂರು, ದೊಡ್ಡಪ್ಪಂದು ನಾಕು…”

“ನನ್ನ ರೊಟ್ಟಿ ಎಣಸಾಕತ್ತೀಯೇನ ಲೇ?” ದೊಡ್ಡಪ್ಪ ಎಲೆಯನ್ನು ಬಾಯಿಯ ಹತ್ತಿರ ಹಿಡಿದಂತೆಯೇ ಕೂಗಿದ. “ಯಾರ್ ಕಲಿಸ್ಯಾರ ಇಕಿಗಿ?”

ಎಲ್ಲರೂ ಅಡುಗೆಮನೆಯ ಕಡೆ ನೋಡಿದರು. ನೀಲತ್ತಿ ಹೊಸ್ತಿಲಿನ ಒಳಗೆ ನಿಂತಿದ್ದಳು. ಮುತ್ಯಾ ಮೆಲ್ಲಗೆ ಕೇಳಿದ. ಅವನು ಸಿಟ್ಟಾದಾಗ ದನಿ ಇಳಿಯುತ್ತಿತ್ತು.

“ಕೂಸು ಅನ್ನೂದು ಖರೇ ಅದ ಏನು?”

“ಇಲ್ಲಪ್ಪಾ. ನಂದು ಆಗ್ಯಾದ. ಕೂಸು ತಪ್ಪು ಎಣಿಸ್ಯಾದ.”

ಇದನ್ನು ನಾನು ಮರೆತಿಲ್ಲ, ಕ್ಷಮಿಸಿಯೂ ಇಲ್ಲ. ಬೇರೆಯವರು ಬೈದದ್ದು ನನಗೆ ತಾಗಲಿಲ್ಲ. ಹತ್ತು ಬೀಜದಲ್ಲಿ ಒಂದನ್ನು ತಪ್ಪಿದರೂ ಮತ್ತೆ ಮತ್ತೆ ಎಣಿಸಲು ಹಚ್ಚುತ್ತಿದ್ದವಳು, ಸರಿಯಾದ ಎಣಿಕೆಯನ್ನು ಎಲ್ಲರ ಮುಂದೆ ತಪ್ಪೆಂದಳು. ಅವಳಿಗೆ ಹೆದರಿಕೆ ಇತ್ತು, ಇನ್ನೊಂದು ಮನೆ ಇರಲಿಲ್ಲ, ಎಲ್ಲ ಸರಿ. ಈಗ ಗೊತ್ತು. ಆಗ ಗೊತ್ತಿರಲಿಲ್ಲ, ಗೊತ್ತಿತ್ತು ಎಂದು ಈಗ ನಟಿಸುವುದಿಲ್ಲ. ಆಯಿ ನಮ್ಮ ಬೀಜಗಳನ್ನೆಲ್ಲ ಬಾಚಿ ಒಲೆಗೆ ಹಾಕಿದಳು. ಅವು ಚಟಚಟ ಸಿಡಿದವು. ಒಂಬತ್ತು ಸಿಡಿತದವರೆಗೆ ಎಣಿಸಿದೆ, ಉಳಿದವು ಸುಮ್ಮನೆ ಉರಿದವು. ಅಂದಿನಿಂದ ಆಟ ಬಂದ್. ಮಕ್ಕಳು ಅಡುಗೆಮನೆಗೆ ಕಾಲಿಡಬಾರದೆಂದಾಯಿತು. ಹದಿನೈದು ದಿನಕ್ಕೊಮ್ಮೆ ಕಲಬುರ್ಗಿಯಿಂದ ಬರುತ್ತಿದ್ದ ಅಪ್ಪ ಬಂದಾಗ, ಈ ಎಣಿಸುವ ಹುಡುಗಿಯನ್ನು ಅಲ್ಲೇ ಸಾಲೆಗೆ ಹಾಕು ಎಂದು ಮುತ್ಯಾ ಹೇಳಿದ. ಅಕ್ಕನನ್ನು ಆಯಿ ಬಿಡಲಿಲ್ಲ. ಅವ್ವ ಮತ್ತು ನಾನು ಬಂಡಿ ಹತ್ತಿದೆವು. ನೀಲತ್ತಿ ಬಾಗಿಲಿಗೆ ಬಂದಳು, ನಾನು ಮುಖ ತಿರುಗಿಸಿದೆ.

ಕಲಬುರ್ಗಿಯಲ್ಲಿ ಅಪ್ಪ ಕಚೇರಿಯ ಉರ್ದು ಕಾಗದಗಳನ್ನು ನಕಲು ಮಾಡುವ ಕೆಲಸದಲ್ಲಿದ್ದ. ದರ್ಗಾ ಇರುವ ರೋಜಾಕ್ಕೆ ಹೋಗುವ ಗಲ್ಲಿಯಲ್ಲಿ ನಮಗೆ ಒಂದೇ ಖೋಲಿ, ಮುಂದಿನ ಭಾಗದಲ್ಲಿ ಮನೆಯೊಡತಿ ಖಾಲಾ ಮತ್ತು ಅವಳ ಗಂಡ. ದರ್ಗಾದ ಕಡೆ ಹೋಗುವವರ ಕಾಲು ದಿನವಿಡೀ ನಮ್ಮ ಕಿಟಕಿಯ ಮುಂದೆ ಹಾಯುತ್ತಿದ್ದವು. ಕಿಟಕಿ ಅಷ್ಟು ಕೆಳಗಿತ್ತು, ಕಾಲು ಮಾತ್ರ ಕಾಣುತ್ತಿದ್ದವು. ನಾನು ಕಾಲು ಎಣಿಸುತ್ತಿದ್ದೆ. ಮನುಷ್ಯರನ್ನು ಎಣಿಸಬಾರದು ಎಂದಿದ್ದರು, ಕಾಲಿನ ಮಾತು ಯಾರೂ ಎತ್ತಿರಲಿಲ್ಲ.

ಸಾಲೆ ಎಂದರೆ ಒಬ್ಬ ಮಾಸ್ತರರ ಮನೆಯ ಕಟ್ಟೆ. ಮೊದಲ ದಿನ ಅಪ್ಪ ಕೈ ಹಿಡಿದು ಕರೆದೊಯ್ದ. ಹದಿನೈದು ಇಪ್ಪತ್ತು ಮಕ್ಕಳು ಪಾಟಿ ಹಿಡಿದು ಕೂತಿದ್ದರು.

“ಎಣಿಸಾಕ ಬರ್ತದೇನವ್ವಾ?”

“ಬರ್ತದರೀ.”

“ಅನ್ನು ನೋಡೂನು.”

“ಲಾಭ, ಎರಡು, ಮೂರು, ನಾಕು…”

ಕಟ್ಟೆಯೆಲ್ಲ ನಕ್ಕಿತು. ಮಾಸ್ತರರು ಕನ್ನಡಕವನ್ನು ಹಣೆಗೆ ಏರಿಸಿದರು.

“ಏನ್ರೀ ಇವರ, ಮಗಳನ್ನ ಸಾಲಿಗೆ ಕರಕೊಂಡು ಬಂದೀರೋ ಕಾಳಿನ ಅಡತಿ ಅಂಗಡಿಗೋ? ಏನವ್ವಾ, ನಿನ್ನ ಎಣಿಕ್ಯಾಗ ಲುಕ್ಸಾನು ಎಷ್ಟನೇ ನಂಬರಿಗೆ ಬರ್ತದ?”

ಮಕ್ಕಳು ಮತ್ತೆ ನಕ್ಕರು. ಅಪ್ಪನ ಕಿವಿ ಕೆಂಪಾದವು. ಒಂದು ಅನ್ನು ಎಂದರು, ನಾನು ಅನ್ನಲಿಲ್ಲ. ಕಂಬದ ಹತ್ತಿರ ನಿಲ್ಲಿಸಿದರು, ನಿಂತೆ. ಮರುದಿನವೂ, ಅದರ ಮರುದಿನವೂ. ಇಂಥ ಮಕ್ಕಳನ್ನು ಹಟಮಾರಿ ಎನ್ನುತ್ತಾರೆ. ಹಟ ನನ್ನಲ್ಲಿ ಹುಟ್ಟುತ್ತಲೇ ಇತ್ತೋ, ಆ ಕಂಬದ ಹತ್ತಿರ ಬಂತೋ ಹೇಳಲಾರೆ. ಹುಟ್ಟುತ್ತಲೇ ಇತ್ತು ಎನ್ನುವವರು ಸಾಮಾನ್ಯವಾಗಿ ಕಂಬಕ್ಕೆ ನಿಲ್ಲಿಸಿದವರೇ ಆಗಿರುತ್ತಾರೆ. ಸಂಜೆ ಅಪ್ಪ ಖೋಲಿಯಲ್ಲಿ ನನ್ನನ್ನು ಎದುರಿಗೆ ಕೂಡಿಸಿಕೊಂಡ.

“ಒಂದು ಅನ್ನೂದಕ್ಕ ನಿನಗೇನಾಗ್ಯಾದ?”

“ಅತ್ತಿ ಲಾಭ ಅಂತಾಳ.”

“ಅತ್ತಿಗೇನು ಗೊತ್ತದ? ನಿಮ್ಮ ಮುತ್ಯಾ ರಾಶಿ ಅಳಿಯೂದು ಬಾಗಲ ಹಿಂದ ನಿಂತು ಕೇಳಿ ಕಲ್ತಾಳ ಅಕಿ. ಅಕಿನ್ನ ಯಾರು ಸಾಲಿಗೆ ಹಾಕ್ಯಾರ?”

ಅಪ್ಪ ಅದನ್ನು ನನ್ನ ಬಾಯಿ ಮುಚ್ಚಿಸಲು ಹೇಳಿದ. ನಾನು ಅದನ್ನು ಹಿಡಿದುಕೊಂಡೆ. ಬಾಗಿಲ ಹಿಂದೆ ನಿಂತ ನೀಲತ್ತಿಯನ್ನು ನಾನು ನೋಡಿಲ್ಲ, ಅವಳು ಆಗ ನನ್ನಷ್ಟೇ ಇದ್ದಿರಬೇಕು. ಆದರೂ ಅವಳು ನನಗೆ ಕಾಣುತ್ತಾಳೆ: ಬಾಗಿಲ ಸಂದಿಗೆ ಕಿವಿ, ತುಟಿ ಮಾತ್ರ ಅಲುಗುತ್ತ, ಮುತ್ಯಾನ ಒಂದೊಂದು ಅಂಕಿಯನ್ನೂ ಕದಿಯುತ್ತ. ಯಾರೂ ಕೊಡದ್ದನ್ನು ಅವಳು ಹೀಗೆ ತೆಗೆದುಕೊಂಡು ನಮ್ಮ ನಾಲ್ವರಿಗೆ ಹಂಚಿದ್ದಳು. ಅದನ್ನು ಮಾಸ್ತರರ ನಗೆಗೆ ಬಿಟ್ಟುಕೊಡಲು ನಾನು ತಯಾರಿರಲಿಲ್ಲ. ಅವಳ ಮೇಲೆ ನನಗಿದ್ದ ಸಿಟ್ಟು ಹೋಗಲಿಲ್ಲ. ಸಿಟ್ಟೂ ಇತ್ತು, ಇದೂ ಇತ್ತು.

ಖಾಲಾಳ ಹತ್ತಿರ ಒಂದು ತಸ್ಬೀ ಇತ್ತು, ಬೆರಳಿನಿಂದ ಒಂದೊಂದೇ ಮಣಿ ಸರಿಸುವ ಜಪಮಾಲೆ. ಮಧ್ಯಾಹ್ನದ ನಮಾಜು ಮುಗಿಸಿ ಅವಳು ಚಾಪೆಯ ಮೇಲೆ ಕೂತು ಮಣಿ ಸರಿಸುತ್ತಿದ್ದಳು. ಒಂದು ದಿನ ಅವಳ ಗಂಡ ಹೊರಗಿನಿಂದ ಬಂದು ಪೆಟ್ಟಿಗೆಯ ಚಾವಿ ಎಲ್ಲಿ ಎಂದು ಕೇಳಿದ. ಅವನು ಗಲ್ಲಿಯಲ್ಲೆಲ್ಲ ದೊಡ್ಡ ದನಿಯ ಮನುಷ್ಯ. ಖಾಲಾ ಕಣ್ಣೆತ್ತಲಿಲ್ಲ. ಮಣಿ ಸರಿಯುತ್ತಲೇ ಇತ್ತು. ಅವನು ಇನ್ನೊಮ್ಮೆ ಕೇಳಲಿಲ್ಲ. ಬಾಗಿಲ ಮೆಟ್ಟಿಲ ಮೇಲೆ ಕೂತು, ಚಪ್ಪಲಿಯ ಮಣ್ಣು ಕೆರೆಯುತ್ತ, ಅವಳು ಮುಗಿಸುವವರೆಗೆ ಕಾಯ್ದ. ನಾನು ಬಾಯಿ ತೆರೆದು ನೋಡಿದೆ. ಅವನು ಹೋದ ಮೇಲೆ ಖಾಲಾ ನನ್ನ ಗಲ್ಲ ತಟ್ಟಿದಳು.

“ಗಿಂತಿ ಚಲತೀ ಸೋ ವಕ್ತ್ ಬಾತ್ ನೈ ಕರ್ನಾ, ಬೇಟಾ. ಬಾದ್‌ಶಾ ಆಯೇ ತೋ ಬೀ ಠೈರ್ನಾ.”

ಎಣಿಕೆ ನಡೆದಿರುವಾಗ ಬಾದಶಹನೇ ಬಂದರೂ ಕಾಯಬೇಕು. ಮುತ್ಯಾನ ರಾಶಿಯ ಮುಂದೆ ಇದೇ ನಿಯಮ ಇತ್ತು, ಅದನ್ನು ನಾನು ಮುತ್ಯಾನ ಹಕ್ಕು ಎಂದುಕೊಂಡಿದ್ದೆ. ಎಣಿಸುವವರು ಯಾರೇ ಆಗಲಿ, ಅದು ಎಣಿಕೆಯ ಹಕ್ಕು ಎನ್ನುವುದು ಖಾಲಾಳ ಚಾಪೆಯ ಹತ್ತಿರ ಹೊಳೆಯಿತು. ಹೊಳೆಯಿತು ಎನ್ನುವುದು ಕೂಡ ಈಗಿನ ಮಾತು. ಆಗ ಕಿಟಕಿಗೆ ಹೋಗಿ ‘ಲಾಭ’ ಎಂದು ಬಾಯಿ ಬಿಟ್ಟು ಕಾಲು ಎಣಿಸಿದೆ, ಅಷ್ಟು ಗೊತ್ತು.

ಸುಗ್ಗಿ ಮುಗಿದ ಮೇಲೆ ಅವ್ವ, ಅಪ್ಪ, ನಾನು ಕಮಲಾಪುರಕ್ಕೆ ಬಂದೆವು. ಅಪ್ಪ ಅದೇ ಬಂಡಿಯಲ್ಲಿ ತಿರುಗಿ ಹೋದ. ನೀಲತ್ತಿಯ ಕೊರಳಿನ ಎಲುಬು ಎದ್ದಿದ್ದವು. ಅವ್ವ ಮತ್ತು ನಾನು ಬಿಟ್ಟುಹೋದ ಎರಡು ರೊಟ್ಟಿ ಯಾರ ತಾಟಿಗೆ ಹೋಗಿದ್ದವೋ, ಅವಳ ತಾಟಿಗಂತೂ ಅಲ್ಲ. ನನ್ನನ್ನು ನೋಡಿ ನಕ್ಕಳು, ನಾನು ನಗಲಿಲ್ಲ. ಮಕ್ಕಳು ಪಡಸಾಲೆಯ ಮೂಲೆಯಲ್ಲಿ ಸುಮ್ಮನೆ ಕೂತು ಒಬ್ಬರನ್ನೊಬ್ಬರು ಚಿವುಟುತ್ತಿದ್ದರು. ಅಡುಗೆಮನೆಯಿಂದ ರೊಟ್ಟಿಯ ಸದ್ದು ಎಲ್ಲೂ ನಿಲ್ಲದೆ, ಯಾರನ್ನೂ ಆಟಕ್ಕೆ ಕರೆಯದೆ ಬರುತ್ತಿತ್ತು. ನಾನು ಗೋಡೆಗೆ ಮುಖ ಮಾಡಿ ಕೂತು ಎಣಿಸಿದೆ. ಹದಿನಾಲ್ಕು. ಪಾತ್ರೆ ಅದೇ.

ಊಟದ ಹೊತ್ತಿಗೆ ಬುಟ್ಟಿ ನಾನು ಒಯ್ಯುತ್ತೇನೆ ಎಂದೆ.

“ಒಯ್ಲಿ ಬಿಡ್ರಿ, ಸಾಲಿ ಕಲ್ತು ಬಂದಾಳ,” ಎಂದು ದೊಡ್ಡವ್ವ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟಳು. “ಎಲ್ಯಾರ ಬೀಳಿಸೀಯವ್ವಾ ಮತ್ತ!”

ಅಡುಗೆಮನೆಯ ಬಾಗಿಲು ಪಡಸಾಲೆಗೇ ತೆರೆಯುತ್ತಿತ್ತು, ಅಲ್ಲಿ ಕೂತವರಿಗೆ ಒಲೆ ಕಾಣುತ್ತಿತ್ತು. ನಾನು ಹೊರಗೆ ಹೋಗಲಿಲ್ಲ. ಬುಟ್ಟಿಯನ್ನು ಒಲೆಯ ಹತ್ತಿರ ಒಯ್ದೆ. ಮೊದಲ ರೊಟ್ಟಿ ತೆಗೆದು ನೀಲತ್ತಿಯ ಮಡಿಲಿಗೆ ಹಾಕಿದೆ. ಹಾಕುತ್ತ ಮುತ್ಯಾನ ದನಿಯಲ್ಲೇ, ರಾಶಿಯ ಮುಂದೆ ಅವನು ಎಳೆಯುವ ಹಾಗೇ ಎಳೆದು ಕೂಗಿದೆ.

“ಲಾ…ಭ!”

ಮನೆ ನಿಂತಿತು. ರೊಟ್ಟಿ ಎಣಿಸುವುದು ಕೆಟ್ಟದ್ದು. ‘ಲಾಭ’ ಎಂದು ಶುರುವಾದ ಎಣಿಕೆಯನ್ನು ನಡುವೆ ಮುರಿಯುವುದು ಅದಕ್ಕಿಂತ ಕೆಟ್ಟದ್ದು. ಇವೆರಡೂ ಆ ಮನೆಯ ನಿಯಮಗಳೇ. ನಾನು ಪಡಸಾಲೆಗೆ ಬಂದು ಅವನ ತಾಟಿಗೆ ಎರಡು, ಮೂರು, ನಾಕು ಹಾಕಿದೆ. ದೊಡ್ಡಪ್ಪನ ತಾಟಿಗೆ ಐದು, ಆರು, ಏಳು ಹಾಕಿ ಮುಂದೆ ನಡೆದೆ. ಅವನು ನಾಲ್ಕನೆಯದಕ್ಕೆ ಕೈ ಚಾಚಿ ಬಾಯಿ ತೆರೆದ. ಮುತ್ಯಾ ಅಂಗೈ ಎತ್ತಿ ತಡೆದ. ಆ ಕೈ ನೀಲತ್ತಿಗಾಗಿ ಎದ್ದಿತು ಎಂದು ಬರೆದರೆ ಎಲ್ಲರಿಗೂ ಸಮಾಧಾನವಾಗುತ್ತದೆ. ಅದು ಎಣಿಕೆಗಾಗಿ ಎದ್ದಿತು. ಮಕ್ಕಳಿಗೆ ಎಂಟು, ಒಂಬತ್ತು. ಮತ್ತೆ ಒಳಗೆ ಬಂದು ಆಯಿಗೆ ಹತ್ತು, ಹನ್ನೊಂದು. ದೊಡ್ಡವ್ವನಿಗೆ ಹನ್ನೆರಡು, ಅವ್ವನಿಗೆ ಹದಿಮೂರು. ಕೊನೆಯ ರೊಟ್ಟಿ ಕೈಯಲ್ಲಿ ಹಿಡಿದು ಹೊಸ್ತಿಲ ಮೇಲೆ ನಿಂತೆ. ಬಾಯಿ ಮುಚ್ಚಿದೆ.

ಹದಿನಾಲ್ಕು ಎನ್ನುವವರೆಗೆ ಯಾರೂ ಮಾತಾಡುವಂತಿರಲಿಲ್ಲ, ಏಳುವಂತಿರಲಿಲ್ಲ. ನಾನು ನೀಲತ್ತಿಯನ್ನೇ ನೋಡುತ್ತ ನಿಂತೆ. ಅವಳು ಮಡಿಲಿನ ರೊಟ್ಟಿಯನ್ನು ಮುಟ್ಟಲಿಲ್ಲ. ಒಲೆಯಲ್ಲಿ ಕಟ್ಟಿಗೆ ಒಂದು ಕುಸಿಯಿತು. ಪಲ್ಯ ಆರುತ್ತಿತ್ತು. ದೊಡ್ಡಪ್ಪನ ಉಸಿರು ನನಗೆ ಕೇಳುತ್ತಿತ್ತು. ನಾನು ಮುಂದಿನ ಅಂಕಿಯನ್ನು ಮರೆತು ನಿಂತಿದ್ದೆ, ಅದಕ್ಕೇ ಅಷ್ಟು ಹೊತ್ತಾಯಿತು ಎಂದು ಅಕ್ಕ ಹೇಳುತ್ತಾಳೆ. ಅಷ್ಟು ಸಣ್ಣ ಮಗು ಇಷ್ಟೆಲ್ಲ ಯೋಚಿಸುತ್ತದೆಯೇ ಎನ್ನುತ್ತಾಳೆ. ಅವಳ ಮಾತಿನಲ್ಲಿ ನ್ಯಾಯ ಇದೆ. ಆದರೆ ಆ ಹದಿನಾಲ್ಕು ನನ್ನ ಹಲ್ಲಿನ ಹಿಂದೆ, ನಾಲಿಗೆಯ ತುದಿಯಲ್ಲಿ, ಬೀಜದ ಹಾಗೆ ಕೂತದ್ದು ಅವಳ ಬಾಯಿಯಲ್ಲಿ ಅಲ್ಲ, ನನ್ನ ಬಾಯಿಯಲ್ಲಿ.

ನೀಲತ್ತಿ ಮುತ್ಯಾನನ್ನು ನೋಡಿದಳು. ನನ್ನನ್ನು ನೋಡಿದಳು. ಮುಷ್ಟಿಯಲ್ಲಿ ಬೀಜ ಬಚ್ಚಿಟ್ಟು ಇನ್ನೇನು ಬಿಚ್ಚುವಾಗ ಅವಳ ಮುಖದಲ್ಲಿ ಒಂದು ಕಳ್ಳತನ ಬರುತ್ತಿತ್ತು. ಅದು ಬಂತು. ಅವಳು ರೊಟ್ಟಿ ಮುರಿದಳು. ಪಲ್ಯ ಹಚ್ಚಿಕೊಳ್ಳಲಿಲ್ಲ, ನೀರೂ ಕುಡಿಯಲಿಲ್ಲ, ಒಣ ರೊಟ್ಟಿಯನ್ನೇ ಒಂದೊಂದು ತುತ್ತು ಮಾಡಿ, ಅಗಿದು, ತಿಂದಳು. ಅಷ್ಟು ಜನರು ನೋಡುತ್ತಿದ್ದರೂ ಅವಸರ ಮಾಡಲಿಲ್ಲ. ಕೊನೆಯ ಚೂರು ಬಾಯಿಗೆ ಹಾಕಿ, ಸೆರಗಿನಿಂದ ತುಟಿ ಒರಸಿಕೊಂಡಳು.

“ಹದಿನಾಕು,” ಎಂದು ಆ ರೊಟ್ಟಿಯನ್ನು ಅವ್ವ ಮತ್ತು ದೊಡ್ಡವ್ವನ ನಡುವೆ ಇಟ್ಟೆ. “ಹದಿನಾಕು.” ಬರಿದಾದ ಬುಟ್ಟಿಯನ್ನು ಹಣೆಗೆ ಒತ್ತಿಕೊಂಡೆ.

ಆಮೇಲೆ ಎಲ್ಲ ಒಮ್ಮೆಲೇ ಶುರುವಾಯಿತು. ನನ್ನ ಬೆನ್ನಿಗೆ ಆಯಿಯ ಕೈ ಬಿತ್ತು. ದೊಡ್ಡಪ್ಪ ಕೂಗಿದ. ಆಯಿ ನೀಲತ್ತಿಯ ಕಡೆ ತಿರುಗಿದಳು.

“ದಿನಾ ಉಂಡೀನಿ ಅಂತಿದ್ದೆಲ್ಲಬೇ ನೀನು?”

“ನೀ ಕೇಳ್ತಿದ್ದಿ, ನಾ ಹೇಳ್ತಿದ್ದೆ,” ಎಂದಳು ನೀಲತ್ತಿ.

ಮುತ್ಯಾ “ಉಣ್ರಿ” ಎಂದ. ಅವನು ಮೀಸೆಯಲ್ಲಿ ನಕ್ಕ ಎಂದು ನನ್ನ ತಮ್ಮಂದಿರು ಕಥೆ ಹೇಳುತ್ತಾರೆ. ಅವರು ಆಗ ಹುಟ್ಟಿರಲಿಲ್ಲ. ಅವನು ನಗಲಿಲ್ಲ.

ಮರುದಿನ ಆಯಿ ಪಾತ್ರೆಯ ಮೇಲೆ ಇನ್ನೊಂದು ಹಿಡಿ ಹಿಟ್ಟು ಹಾಕಿದಳು ಎಂದು ಬರೆಯಲು ನನ್ನ ಕೈ ತುರಿಸುತ್ತದೆ. ಹಾಕಲಿಲ್ಲ. ಅದೇ ಪಾತ್ರೆ, ಅಷ್ಟೇ ಹಿಟ್ಟು ಹೊಸ್ತಿಲಲ್ಲಿ ಬಂದು ಕೂತಿತು. ನೀಲತ್ತಿ ಅದನ್ನು ಒಳಗೆ ಎಳೆದುಕೊಂಡಳು. ಆಮೇಲೆ, ಯಾರನ್ನೂ ಕೇಳದೆ, ಬಾಗಿಲಿಗೆ ಬಂದು ನಮ್ಮ ನಾಲ್ವರನ್ನು ಕೈ ಮಾಡಿ ಕರೆದಳು. ಗೋಡೆಗೆ ಮುಖ, ಒಲೆಗೆ ಬೆನ್ನು. ಬೀಜ ಇರಲಿಲ್ಲ, ಬೆರಳು ಮಡಚಿದೆವು. ಆ ದಿನದ ಸದ್ದು ಬೇರೆಯಾಗಿತ್ತು. ಒಂದೊಂದು ರೊಟ್ಟಿಗೂ ಅವಳು ಹೆಚ್ಚು ಹೊತ್ತು ಬಡಿಯುತ್ತಿದ್ದಳು, ತೆಳ್ಳಗೆ, ಇನ್ನೂ ತೆಳ್ಳಗೆ, ಅಗಲ ಅದೇ ಇರುವ ಹಾಗೆ. ಮೊದಲನೆಯದನ್ನು ಬುಟ್ಟಿಗೆ ಹಾಕದೆ ಬೋಗುಣಿಯ ಕೆಳಗೆ ಮುಚ್ಚಿಟ್ಟ ಸದ್ದೂ ಕೇಳಿತು. ಕೊನೆಗೆ ಕೈ ನಿಂತಿತು. ನನ್ನನ್ನೇ ಕೇಳಿದಳು.

“ಚೆನ್ನೀ, ಎಷ್ಟಾದುವು?”

“ಹದಿನೈದು.”

“ತಪ್ಪಿಲ್ಲೇನು?”

“ತಪ್ಪಿಲ್ಲ.”

“ಹೂಂ, ತಪ್ಪಿಲ್ಲ,” ಎಂದಳು. ಕೈಯ ಹಿಟ್ಟು ಜಾಡಿಸಿಕೊಂಡಳು. “ಮತ್ತ ಯಾರರ ಬಂದು ಎಷ್ಟು ಮಾಡ್ಯಾಳ ನಿಮ್ಮ ಅತ್ತಿ ಅಂತ ಕೇಳಿದ್ರ, ಏನಂತೀರಿ?”

ನಾವು ನಾಲ್ವರೂ ಗೋಡೆಗೆ ಮುಖ ಮಾಡಿಕೊಂಡೇ, ಪಡಸಾಲೆಯ ತನಕ ಕೇಳುವ ಹಾಗೆ ಕೂಗಿದೆವು.

“ರೊಟ್ಟಿ ಎಣಸಬಾರದು ರೀ!”